ಯಂತ್ರ ಕಲಿತ ಕನ್ನಡ, ಮಂಡ್ಯ ಆಡುವ ಕನ್ನಡ

ಮಂಡ್ಯದಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮೂರು ಬಾರಿ ನಡೆದಿದೆ. 1974ರಲ್ಲಿ ಜಯದೇವಿತಾಯಿ ಲಿಗಾಡೆ, 1994ರಲ್ಲಿ ಚದುರಂಗ, 2024ರ ಡಿಸೆಂಬರ್‌ನಲ್ಲಿ ಗೊ.ರು. ಚನ್ನಬಸಪ್ಪ ಅಧ್ಯಕ್ಷರಾಗಿದ್ದರು. ಕನ್ನಡಕ್ಕೂ ಯಂತ್ರಕ್ಕೂ ಇರುವ ನಂಟು ಎಲ್ಲಿಂದ ಎಲ್ಲಿಗೆ ಬಂತು ಎಂದು ನೋಡಲು ಈ ಮೂರು ವರ್ಷಗಳೇ ಸಾಕು. ಮೊದಲ ಸಮ್ಮೇಳನದ ಕಾಲಕ್ಕೆ ಕನ್ನಡದ ಯಂತ್ರವೆಂದರೆ ಬೆರಳಚ್ಚು ಯಂತ್ರ, ಮುದ್ರಣಾಲಯದ ಅಚ್ಚುಮೊಳೆ. ಎರಡನೆಯದರ ಕಾಲಕ್ಕೆ ಡಿಟಿಪಿ ಅಂಗಡಿಗಳು ಬಂದಿದ್ದವು. 1991ರಲ್ಲೇ ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಗಳಿಗೆ ಜಾಗ ಸಿಕ್ಕಿತ್ತಾದರೂ ಅದು ಬಳಕೆಗೆ ಬಂದಿರಲಿಲ್ಲ. ಒಂದು ಫಾಂಟಿನಲ್ಲಿ ಮಾಡಿದ ಕಡತ ಇನ್ನೊಂದರಲ್ಲಿ ಕಲಸುಮೇಲೋಗರವಾಗುತ್ತಿತ್ತು. ಮೂರನೆಯ ಸಮ್ಮೇಳನಕ್ಕೆ ಬಂದವರ ಜೇಬಿನಲ್ಲಿದ್ದ ಫೋನು ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲೇ ಉತ್ತರ ಬರೆದುಕೊಡುವಷ್ಟು ಬೆಳೆದಿತ್ತು. ಈ ಬೆಳವಣಿಗೆಯ ಬಹುಪಾಲು ಆದದ್ದು ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ. ಅದರ ಲಾಭ ನಮ್ಮ ಜಿಲ್ಲೆಯವರಿಗೆ ಎಷ್ಟು ದಕ್ಕಿದೆ ಎಂಬುದನ್ನು ಈಗ ಕೂತು ಲೆಕ್ಕ ಹಾಕಬೇಕು.

ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಆಗಿನ ಅನುವಾದ ಓದಿದವರಿಗೆ ನೆನಪಿರಬಹುದು: ಪದಗಳೆಲ್ಲ ಕನ್ನಡದವು, ವಾಕ್ಯ ಮಾತ್ರ ಯಾವ ಭಾಷೆಯದೂ ಅಲ್ಲ. ಪದಗಳನ್ನು ಸಂಖ್ಯೆಗಳ ಸಾಲಾಗಿ ಕಲಿಸುವ ವರ್ಡ್‌ಟುವೆಕ್ ವಿಧಾನ 2013ರಲ್ಲಿ ಬಂತು. ಒಂದು ಪದದ ಅರ್ಥ ಅದರ ಅಕ್ಕಪಕ್ಕದ ಪದಗಳಿಂದ ತಿಳಿಯುತ್ತದೆ ಎಂಬುದು ಅದರ ತಿರುಳು. ಇದು ನಮಗೆ ಹೊಸ ವಿಚಾರವೇನಲ್ಲ. ಶ್ರೀರಂಗಪಟ್ಟಣದ ಗಂಜಾಂನಲ್ಲಿ 1913ರಲ್ಲಿ ಹುಟ್ಟಿ, ಮಂಡ್ಯದ ಹೈಸ್ಕೂಲಿನಲ್ಲೂ ಪಾಠ ಹೇಳಿದ ಜಿ. ವೆಂಕಟಸುಬ್ಬಯ್ಯನವರು ಮತ್ತು ಅವರ ಸಂಗಡಿಗರು ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ಕಟ್ಟಿದ್ದು ಹೀಗೆಯೇ. ಶಾಸನ, ಕಾವ್ಯಗಳಲ್ಲಿ ಪದ ಬಂದ ಕಡೆಯನ್ನೆಲ್ಲ ಗುರುತಿಸಿ, ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿ ಅರ್ಥ ನಿರ್ಣಯಿಸಿದರು. ಅವರು ದಶಕಗಳ ಕಾಲ ಕಣ್ಣಿನಿಂದ ಮಾಡಿದ ಕೆಲಸವನ್ನು ಯಂತ್ರ ಗಣಿತದಿಂದ ಮಾಡಲು ಕಲಿಯಿತು.

2017ರಲ್ಲಿ ಎರಡು ಸಂಗತಿ ನಡೆದವು. ಗೂಗಲ್ ಕನ್ನಡವೂ ಸೇರಿದಂತೆ ಒಂಬತ್ತು ಭಾರತೀಯ ಭಾಷೆಗಳಿಗೆ ನರಜಾಲ ಆಧಾರಿತ ಅನುವಾದ ತಂದಿತು. ಅದೇ ವರ್ಷ ಆಶಿಶ್ ವಾಸ್ವಾನಿ ಮತ್ತು ಏಳು ಮಂದಿ ಸಹೋದ್ಯೋಗಿಗಳ ಪ್ರಬಂಧದಿಂದ ಟ್ರಾನ್ಸ್‌ಫಾರ್ಮರ್ ಎಂಬ ರಚನೆ ಹೊರಬಂತು. ವಾಕ್ಯದ ಪ್ರತಿ ಪದವೂ ಉಳಿದೆಲ್ಲ ಪದಗಳನ್ನು ಏಕಕಾಲಕ್ಕೆ ಗಮನಿಸುವ ವ್ಯವಸ್ಥೆ ಅದು. ಕ್ರಿಯಾಪದವನ್ನು ಕಟ್ಟಕಡೆಗೆ ಇಡುವ ಕನ್ನಡದಂಥ ಭಾಷೆಗೆ ಇದು ವರವಾಯಿತು. ಅದೇ ರಚನೆಯ ಮೇಲೆ ಮರುವರ್ಷ ಬರ್ಟ್ ಎಂಬ ಭಾಷಾ ಮಾದರಿ, 2020ರಲ್ಲಿ ಜಿಪಿಟಿ-3, 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ. ನರಜಾಲಗಳ ಮೇಲೆ ದಶಕಗಟ್ಟಲೆ ದುಡಿದ ಜೆಫ್ರಿ ಹಿಂಟನ್ ಮತ್ತು ಜಾನ್ ಹಾಪ್‌ಫೀಲ್ಡ್ ಅವರಿಗೆ 2024ರ ಭೌತವಿಜ್ಞಾನ ನೊಬೆಲ್ ಬಂದಿದ್ದು ಎಲ್ಲರಿಗೂ ಗೊತ್ತು.

ಆದರೆ ಈ ಸಾಧನೆಯ ಹಿಂದೆ ಬುದ್ಧಿವಂತಿಕೆಗಿಂತ ಹೆಚ್ಚಾಗಿ ದತ್ತಾಂಶ ಕೆಲಸ ಮಾಡಿದೆ. ರಾಶಿ ರಾಶಿ ಬರಹ, ಗಂಟೆಗಟ್ಟಲೆ ಧ್ವನಿ. ಯಾರ ಮಾತನ್ನು ಹೆಚ್ಚು ಕೂಡಿಹಾಕಿದ್ದಾರೋ ಅವರ ಮಾತು ಯಂತ್ರಕ್ಕೆ ಚೆನ್ನಾಗಿ ಬರುತ್ತದೆ. ಮಾತನ್ನು ಬರಹವಾಗಿಸುವ ವಿಸ್ಪರ್ ಎಂಬ ಹೆಸರುವಾಸಿ ಮಾದರಿ 2022ರಲ್ಲಿ ಬಂತು. ಅದನ್ನು ತರಬೇತುಗೊಳಿಸಿದ್ದು 6,80,000 ಗಂಟೆಗಳ ಧ್ವನಿಯಿಂದ. ಅದರಲ್ಲಿ ಕನ್ನಡ ಮಾತನ್ನು ಕನ್ನಡ ಬರಹವಾಗಿಸಲು ಸಿಕ್ಕಿದ್ದು ನಾಲ್ಕು ಗಂಟೆಗೂ ಕಡಿಮೆ. 2011ರ ಜನಗಣತಿಯ ಪ್ರಕಾರ 4 ಕೋಟಿ 37 ಲಕ್ಷ ಜನರ ತಾಯ್ನುಡಿಗೆ ನಾಲ್ಕು ಗಂಟೆ!

ಬರಹದಲ್ಲೂ ಇಂಥದೇ ಕೊರತೆ. ಇಂಗ್ಲಿಷಿನಲ್ಲಿ ಮಂಡ್ಯ ಎಂದು ಬರೆಯಲು ಕಂಪ್ಯೂಟರಿಗೆ 6 ಬೈಟ್ ಸಾಕು. ಕನ್ನಡದಲ್ಲಿ ಬರೆದರೆ 15 ಬೇಕು, ಮದ್ದೂರು, ಮಳವಳ್ಳಿಗಳಿಗೆ ತಲಾ 21. ಕನ್ನಡವನ್ನು ಸರಿಯಾಗಿ ಕಲಿಯದ ಮಾದರಿಗಳು ನಮ್ಮ ಪದವನ್ನು ಇಂಥ ಚೂರುಗಳಾಗಿ ಒಡೆದುಕೊಂಡು ಓದುತ್ತವೆ. ಅದರಿಂದ ವೇಗ ಕಡಿಮೆ, ಖರ್ಚು ಹೆಚ್ಚು, ತಪ್ಪೂ ಹೆಚ್ಚು. ಬೆಂಗಳೂರಿನ ಸರ್ವಂ ಸಂಸ್ಥೆ 2024ರಲ್ಲಿ ತಂದ ಮಾದರಿಯಲ್ಲಿ ಭಾರತೀಯ ಭಾಷೆಗಳಿಗಾಗಿಯೇ ಪದ ಒಡೆಯುವ ಕ್ರಮವನ್ನು ಹೊಸದಾಗಿ ರೂಪಿಸಿದ್ದು ಈ ಕಾರಣಕ್ಕೆ.

ಕೊರತೆ ತುಂಬಲು ದುಡಿದವರನ್ನು ಹೆಸರಿಸಲೇಬೇಕು. ಮದ್ರಾಸ್ ಐಐಟಿಯ ಎಐಫೋರ್‌ಭಾರತ್ ತಂಡ 2021ರಲ್ಲಿ 11 ಭಾಷೆಗಳ ಸುಮಾರು 5 ಕೋಟಿ ವಾಕ್ಯಜೋಡಿಗಳನ್ನು ಸಮಾನಾಂತರ್ ಹೆಸರಿನಲ್ಲಿ ಮುಕ್ತವಾಗಿ ಕೊಟ್ಟಿತು. 2023ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದ ಮಾದರಿ ತಂದಿತು. ಕೇಂದ್ರ ಸರ್ಕಾರದ ಭಾಷಿಣಿ ಶುರುವಾದದ್ದು 2022ರಲ್ಲಿ. ವಿನಯ್ ಪ್ರಭು 2019ರಲ್ಲಿ ಕೈಬರಹದ ಕನ್ನಡ ಅಂಕಿಗಳ 70,000 ಚಿತ್ರಗಳನ್ನು ಲೋಕಕ್ಕೆ ಬಿಟ್ಟುಕೊಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಯ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಮುದ್ರಿತ ಕನ್ನಡ ಪುಟವನ್ನು ಓದುವ ಲಿಪಿ ಜ್ಞಾನಿಯನ್ನು ರೂಪಿಸಿತು. ವಿ. ಕೃಷ್ಣ ಒಬ್ಬರೇ ಕೂತು ದಶಕಗಳ ಕಾಲ ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ ಹೆಸರಿನಲ್ಲಿ 2019ರಲ್ಲಿ ಎಲ್ಲರಿಗೂ ಉಚಿತವಾಗಿ ಸಿಕ್ಕಿತು.

ನಮ್ಮ ಪಾಲಿಗೆ ಇವೆಲ್ಲಕ್ಕಿಂತ ಮುಖ್ಯವಾದವು ಭಾರತೀಯ ವಿಜ್ಞಾನ ಸಂಸ್ಥೆಯ ಇನ್ನೆರಡು ಕೆಲಸಗಳು. ಒಂದು, ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಉಪಭಾಷೆಗಳಲ್ಲಿ ಕೃಷಿ ಮತ್ತು ಹಣಕಾಸಿನ ಮಾತನ್ನು ದಾಖಲಿಸಿದ ರೆಸ್ಪಿನ್. ಇದರಲ್ಲಿ 10,000 ಗಂಟೆಗೂ ಹೆಚ್ಚು ಧ್ವನಿ ಇದೆ. ಇನ್ನೊಂದು, ಗೂಗಲ್ ಜೊತೆಗೂಡಿ ದೇಶದ 773 ಜಿಲ್ಲೆಗಳಿಂದ ಮಾತು ಕೂಡಿಸುವ ಗುರಿಯ ವಾಣಿ ಯೋಜನೆ. ಅಲ್ಲಿ ಬರೆದುಕೊಟ್ಟದ್ದನ್ನು ಓದಿಸುವುದಿಲ್ಲ. ಚಿತ್ರ ತೋರಿಸಿ, ಕಂಡದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ ಅನ್ನುತ್ತಾರೆ. ಇಡೀ ದಶಕದಲ್ಲಿ ಇದಕ್ಕಿಂತ ಸರಿಯಾದ ಹೆಜ್ಜೆ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಯಾಕೆಂದರೆ ಯಂತ್ರ ಈವರೆಗೆ ಕಲಿತಿರುವುದು ಹೆಚ್ಚಾಗಿ ಪತ್ರಿಕೆಯ, ವಿಕಿಪೀಡಿಯದ, ಸರ್ಕಾರಿ ಸುತ್ತೋಲೆಯ ಕನ್ನಡವನ್ನು. ಅದು ನಾವು ಓದುವ ಕನ್ನಡ, ಆಡುವ ಕನ್ನಡವಲ್ಲ.

ವಿ.ಸಿ. ನಾಲೆಯ ಕೊನೆ ಭಾಗದ ರೈತನೊಬ್ಬ ಹೀಗೆ ಕೇಳುತ್ತಾನೆ ಅಂದುಕೊಳ್ಳಿ: “ನಾಲೇಲ್ ನೀರ್ ಬುಟ್ಟವ್ರಾ? ಕೂಳೆಗೆ ವಸಿ ಗೊಬ್ರ ಆಕ್ಬೇಕಾಗಿತ್ತು ಕನಣ್ಣ.” ಮದ್ದೂರಿನ ಸಂತೆಯಲ್ಲಿ ನಿಂತ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪುಸ್ತಕದ ಕನ್ನಡವನ್ನಷ್ಟೇ ಕೇಳಿದ ಯಂತ್ರ ಮಾತ್ರ ಹೆಜ್ಜೆಹೆಜ್ಜೆಗೂ ಎಡವುತ್ತದೆ. ‘ಬಿಟ್ಟಿದ್ದಾರೆ’ ಎಂಬುದು ‘ಬುಟ್ಟವ್ರೆ’ಯಾಗಿ ಕುಗ್ಗಿದೆ. ‘ಹಾಕು’ವಿನ ಹಕಾರ ಉದುರಿದೆ. ‘ಸ್ವಲ್ಪ’ ಎಂಬರ್ಥದ ‘ವಸಿ’ ವರದಿಗಳಲ್ಲಿ ಸಿಗುವ ಪದವಲ್ಲ. ಕಟಾವಾದ ಕಬ್ಬಿನ ಮೋಟಿನಿಂದ ಮತ್ತೆ ಚಿಗುರುವ ಕೂಳೆ ಬೆಳೆಯನ್ನು ಅದು ಇನ್ನೇನೋ ಎಂದು ಕೇಳಿಸಿಕೊಂಡರೆ ಪ್ರಶ್ನೆಯೇ ಹಾಳು. ಹಾಗೆಂದು ಯಂತ್ರ ಸುಮ್ಮನಿರುವುದಿಲ್ಲ. ತಪ್ಪಾಗಿ ಕೇಳಿಸಿಕೊಂಡ ಪ್ರಶ್ನೆಗೂ ತಡವರಿಸದೆ, ಅಚ್ಚುಕಟ್ಟಾದ ಕನ್ನಡದಲ್ಲಿ ಉತ್ತರ ಹೇಳುತ್ತದೆ. ಗೊಬ್ಬರದ ಅಳತೆ, ಔಷಧಿಯ ಪ್ರಮಾಣದಲ್ಲಿ ಇಂಥ ಉತ್ತರವನ್ನು ನಂಬಿದರೆ ಬೆಳೆ ಹೋಗುತ್ತದೆ, ಸಾಲ ಉಳಿಯುತ್ತದೆ.

ಕಲಿಸಲು ಸಾಮಗ್ರಿ ಇಲ್ಲ ಎನ್ನುವಂತಿಲ್ಲ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣ ವೈದ್ಯ ವೃತ್ತಿಯ ಜೊತೆಗೆ ಈ ನೆಲದ ಮಾತನ್ನೇ ಕಥೆಗಳಿಗೆ ತಂದರು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿಯ ಕಾವ್ಯವನ್ನು ನೀಲಗಾರರು ರಾತ್ರಿಯಿಡೀ ಹಾಡುತ್ತಾ ಬಂದಿದ್ದಾರೆ. ನಾಗಮಂಗಲ ಸೀಮೆಯ ಎಚ್.ಎಲ್. ನಾಗೇಗೌಡ, ಜೀ.ಶಂ. ಪರಮಶಿವಯ್ಯ ಜನಪದದ ಮಾತನ್ನು ಕೂಡಿಡುವುದಕ್ಕೇ ಬದುಕು ಮುಡಿಪಿಟ್ಟರು. ಮಳವಳ್ಳಿಯ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ನಾಟಿ ಭತ್ತದ ತಳಿಗಳನ್ನು ಉಳಿಸಿದ್ದಾರೆ. ರಾಜಮುಡಿ, ರತ್ನಚೂಡಿಯಂಥ ತಳಿಗಳ ಹೆಸರು ಗೊತ್ತಿಲ್ಲದ ಯಂತ್ರ ನಮ್ಮ ಭತ್ತದ ಗದ್ದೆಯ ಬಗ್ಗೆ ಏನು ಸಲಹೆ ಕೊಟ್ಟೀತು? ಇನ್ನೂ ಹಿಂದಕ್ಕೆ ಹೋದರೆ ಮದ್ದೂರಿನ ಆತಕೂರಿನ ಶಾಸನವಿದೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ಸುಮಾರು 950ರಲ್ಲಿ ನಿಲ್ಲಿಸಿದ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಆ ಕಾಲದ ಲಿಪಿಯನ್ನು ಓದುವಲ್ಲಿ ಇಂದಿಗೂ ಶಾಸನತಜ್ಞರೇ ಗತಿ. ಯಂತ್ರಕ್ಕೆ ಅದನ್ನು ಕಲಿಸುವುದು ಒಳ್ಳೆಯ ಸಂಶೋಧಕ ವಿದ್ಯಾರ್ಥಿಗೆ ತಕ್ಕ ಕೆಲಸ.

ಮಾತು ಕೊಟ್ಟವರಿಗೆ ಕೂಲಿ ಸಿಗಬೇಕೆಂಬುದೂ ಈ ವರ್ಷಗಳ ಪಾಠ. ಬೆಂಗಳೂರಿನ ಕಾರ್ಯ ಸಂಸ್ಥೆ ಕರ್ನಾಟಕದ ಹಳ್ಳಿಗಳ ಹೆಣ್ಣುಮಕ್ಕಳಿಂದ ಫೋನಿನಲ್ಲೇ ಕನ್ನಡ ವಾಕ್ಯಗಳನ್ನು ಓದಿಸಿ ಗಂಟೆಗೆ ಸುಮಾರು 5 ಡಾಲರ್ ಕೊಟ್ಟಿತು. ಅದೇ ಧ್ವನಿ ಮತ್ತೆ ಮಾರಾಟವಾದರೆ ಅದರಲ್ಲೂ ಅವರಿಗೆ ಪಾಲು. ನಾಟಿ, ಕಳೆ ಕೆಲಸವಿಲ್ಲದ ದಿನಗಳಲ್ಲಿ ಮಳವಳ್ಳಿಯ ಹೆಣ್ಣುಮಕ್ಕಳಿಗೂ ಇಂಥ ದುಡಿಮೆ ಸಿಗಲಿ. ಅವರ ಮಾತನ್ನು ಬಿಟ್ಟಿಯಾಗಿ ಎತ್ತಿಕೊಂಡು ಹೋಗುವವರಿಗೆ ಜಿಲ್ಲೆ ಬಾಗಿಲು ತೆರೆಯಬಾರದು.

ಒಟ್ಟಿನಲ್ಲಿ ಕನ್ನಡ ಬರಹಕ್ಕೆ ಈ ಹನ್ನೆರಡು ವರ್ಷ ಸುಗ್ಗಿ. ಮಂಡ್ಯದ ಮಾತಿಗೆ ಇನ್ನೂ ಬಿತ್ತನೆಯೂ ಮುಗಿದಿಲ್ಲ. ದೊಡ್ಡ ಕಂಪನಿಗಳು ತಾವಾಗಿ ಬಂದು ಮಾಡಿಕೊಡಲಿ ಎಂದು ಕಾಯುವುದು ಬೇಡ, ಜಿಲ್ಲೆಯಲ್ಲೇ ಶಕ್ತಿಯಿದೆ. ಕೆ.ವಿ. ಶಂಕರಗೌಡರು 1962ರಲ್ಲಿ ಕಟ್ಟಿದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ಹೊರಗಿನ ದತ್ತಾಂಶ ಹುಡುಕುವ ಬದಲು ಮದ್ದೂರು, ಮಳವಳ್ಳಿಯ ಹಳ್ಳಿಗಳಿಗೆ ಹೋಗಿ, ಒಪ್ಪಿಗೆ ಪಡೆದು, ಕೂಲಿ ಕೊಟ್ಟು ಮಾತು ದಾಖಲಿಸಬಹುದು. ವಿ.ಸಿ. ಫಾರಂನ ವಿಜ್ಞಾನಿಗಳು ಕಬ್ಬು, ಭತ್ತ, ರಾಗಿಯ ಪ್ರಶ್ನೆಗಳಿಗೆ ಪರಿಶೀಲಿಸಿದ ಉತ್ತರ ಬರೆದುಕೊಡಬಹುದು. ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳು ಪ್ರತಿ ವಾಕ್ಯವನ್ನೂ ಆಡಿದಂತೆ ಒಮ್ಮೆ, ಗ್ರಾಂಥಿಕ ಕನ್ನಡದಲ್ಲಿ ಒಮ್ಮೆ ಬರೆಸಬಹುದು. ಹೀಗೆ ಕೂಡಿದ್ದು ಯಾರ ಸ್ವತ್ತೂ ಆಗದೆ ಎಲ್ಲರ ಬಳಕೆಗೆ ಮುಕ್ತವಾಗಿರಬೇಕು. ಜಿಲ್ಲಾಡಳಿತ ಈ ಮೂರೂ ಸಂಸ್ಥೆಗಳನ್ನು ಒಂದೆಡೆ ಕೂರಿಸಿ, ಸಣ್ಣದೊಂದು ಅನುದಾನದೊಡನೆ ಈ ಶೈಕ್ಷಣಿಕ ವರ್ಷದಲ್ಲೇ ಕೆಲಸ ಶುರು ಮಾಡಿಸಬೇಕೆಂದು ನಾವು ಒತ್ತಾಯಿಸುತ್ತೇವೆ.