ಆನ್‌ಲೈನ್ ಸೇವೆಗಳಲ್ಲಿ ವಿಳಾಸ, ಭದ್ರತೆ ಮತ್ತು ವಿಶ್ವಾಸಾರ್ಹತೆ: ಅರ್ಜಿದಾರರ ಗಮನಕ್ಕೆ

ಆನ್‌ಲೈನ್ ಅರ್ಜಿಯ ವಿವರಗಳು ಇಲಾಖೆಗಳ ಹಾಗೂ ಬ್ಯಾಂಕುಗಳ ಗಣಕಯಂತ್ರಗಳ ನಡುವೆ ಸಂದೇಶರೂಪದಲ್ಲಿ ಸಾಗುತ್ತವೆ. ಇಂತಹ ಸಾಗಣೆಗೆ ಮೂರು ಅಂತರರಾಷ್ಟ್ರೀಯ ಮಾನದಂಡಗಳು ರೂಪುಗೊಂಡವು. 2004ರ ಡಬ್ಲ್ಯುಎಸ್-ಸೆಕ್ಯುರಿಟಿಯು ಸಂದೇಶಕ್ಕೆ ಡಿಜಿಟಲ್ ಸಹಿ ಮತ್ತು ಗೂಢಲಿಪೀಕರಣದ ರಕ್ಷಣೆ ಒದಗಿಸುತ್ತದೆ. 2006ರ ಡಬ್ಲ್ಯುಎಸ್-ಅಡ್ರೆಸಿಂಗ್, ಸಂದೇಶವು ತಲುಪಬೇಕಾದ ಹಾಗೂ ಉತ್ತರವು ಹಿಂದಿರುಗಬೇಕಾದ ವಿಳಾಸಗಳನ್ನು ಸಂದೇಶದೊಳಗೇ ನಮೂದಿಸುತ್ತದೆ. 2007ರ ಡಬ್ಲ್ಯುಎಸ್-ರಿಲಯಬಲ್ ಮೆಸೇಜಿಂಗ್, ಸ್ವೀಕೃತಿ ಬಾರದ ಸಂದೇಶವನ್ನು ಪುನಃ ರವಾನಿಸಲು ಮತ್ತು ಒಂದೇ ಸಂದೇಶವು ಎರಡು ಬಾರಿ ದಾಖಲಾಗದಂತೆ ಕ್ರಮಸಂಖ್ಯೆಯಿಂದ ತಡೆಯಲು ಅವಕಾಶ ಕಲ್ಪಿಸುತ್ತದೆ.

ಇತ್ತೀಚಿನ ಅನೇಕ ಸೇವೆಗಳು ಸರಳವಾದ ರೆಸ್ಟ್ ಪದ್ಧತಿಯನ್ನು ಅನುಸರಿಸುತ್ತಿವೆ. ಅಲ್ಲಿ ಎಚ್‌ಟಿಟಿಪಿಎಸ್ ಸಂಪರ್ಕವನ್ನಷ್ಟೇ ರಕ್ಷಿಸುತ್ತದೆ. ಪುನರಾವರ್ತನೆಯನ್ನು ತಡೆಯುವ ಹೊಣೆಯು ಸೇವೆಯನ್ನು ರೂಪಿಸಿದವರದ್ದಾಗಿರುತ್ತದೆ. ಆದಕಾರಣ, ಶುಲ್ಕ ಕಡಿತವಾಗಿಯೂ ಸ್ವೀಕೃತಿ ಸಂಖ್ಯೆ ದೊರೆಯದಿದ್ದಲ್ಲಿ, ಅರ್ಜಿದಾರರು ಕೂಡಲೇ ಮತ್ತೊಮ್ಮೆ ಪಾವತಿಸದೆ, ಮೊದಲು ಅರ್ಜಿಯ ಹಾಗೂ ಪಾವತಿಯ ಸ್ಥಿತಿಯನ್ನು ಪರಿಶೀಲಿಸತಕ್ಕದ್ದು.