ತಲೆಸುತ್ತನ್ನು ಬಿಡಿಸಿ ನೋಡುವವರು ಬೇಕು

ಕರ್ನೂಲಿನ ಮಾನ್ಯ ಜಿಲ್ಲಾ ಕಲೆಕ್ಟರ್ ಅವರಿಗೆ,


ನಮ್ಮವ್ವ ಪ್ರತಿ ಗುರುವಾರ ಮಂತ್ರಾಲಯದ ರಾಯರ ಬೃಂದಾವನಕ್ಕೆ ಪ್ರದಕ್ಷಿಣೆ ಹಾಕುವಾಕೆ. ಹೋದ ವರ್ಷ ಒಂದು ಗುರುವಾರ ಬಗ್ಗಿ ನಮಸ್ಕಾರ ಮಾಡಿ ಎದ್ದಳು; ನೆಲ ಗಿರ್ರನೆ ತಿರುಗಿತು. ಬಿದ್ದ ಪೆಟ್ಟಿಗೆ ಮಣಿಕಟ್ಟು ಮುರಿಯಿತು. ಅದಕ್ಕೂ ಮೊದಲು ಎಂಟು ತಿಂಗಳು ಆಕೆ ತಲೆಸುತ್ತಿಗೆ ಗುಳಿಗೆ ನುಂಗುತ್ತಲೇ ಇದ್ದಳು. ಒಬ್ಬರು ಪಿತ್ತ ಅಂದರು, ಇನ್ನೊಬ್ಬರು ಗ್ಯಾಸ್ ಅಂದರು, ಮತ್ತೊಬ್ಬರು ವಯಸ್ಸಾಯಿತಲ್ಲ ಅಂದರು.

ನಮ್ಮೂರಲ್ಲಿ ತೆಲುಗಿನವರು ‘ಕಳ್ಳು ತಿರುಗುತುನ್ನಾಯಿ’ ಅನ್ನುತ್ತಾರೆ, ನಾವು ‘ತಲಿ ತಿರಗ್ತದ’ ಅನ್ನುತ್ತೇವೆ. ಆ ಒಂದು ಮಾತಿನೊಳಗೆ ಹತ್ತು ಕಾಯಿಲೆ ಅಡಗಿರುತ್ತವೆ.

ಕೊನೆಗೆ ರಾಯಚೂರಿನ ವೈದ್ಯರೊಬ್ಬರು ಅವ್ವನ ಕತ್ತು ಪಕ್ಕಕ್ಕೆ ತಿರುಗಿಸಿ, ತಟ್ಟನೆ ಹಿಂದಕ್ಕೆ ಮಲಗಿಸಿ ಕಣ್ಣು ನೋಡಿದರು. ಕಣ್ಣುಗುಡ್ಡೆಗಳು ಅದುರುತ್ತಿದ್ದವು. ಒಳಗಿವಿಯ ಸುಣ್ಣದ ಹರಳುಗಳು ಜಾಗ ಬಿಟ್ಟಿದ್ದವು. ಅಮೆರಿಕದ ವೈದ್ಯ ಜಾನ್ ಎಪ್ಲಿ 1980ರಲ್ಲಿ ತೋರಿಸಿಕೊಟ್ಟಂತೆ ತಲೆಯನ್ನು ಹಂತಹಂತವಾಗಿ ಹೊರಳಿಸಿದರು. ಇದಕ್ಕೆ ಬೇಕಾದದ್ದು ಒಂದು ಮಂಚ, ಕಾಲು ಗಂಟೆ, ಕಲಿತ ಕೈ.

ನೆಲ ತಿರುಗುವುದು ನಿಂತಿತು, ನಡೆಯುವಾಗ ತೂರಾಡುವುದು ನಿಲ್ಲಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಕೆಟ್ಟ ಕೊಲೆಸ್ಟ್ರಾಲ್ 190 ದಾಟಿತ್ತು. ಕೊಲೆಸ್ಟ್ರಾಲ್ ತಾನಾಗಿ ತಲೆ ತಿರುಗಿಸುವುದಿಲ್ಲ, ಅದಕ್ಕೇ ಯಾರೂ ಅದನ್ನು ಹುಡುಕುವುದೂ ಇಲ್ಲ. ವರ್ಷಗಟ್ಟಲೆ ರಕ್ತನಾಳದ ಗೋಡೆಗೆ ಕೂತು ದಾರಿ ಕಿರಿದು ಮಾಡುತ್ತದೆ. ಒಳಗಿವಿಗೆ ರಕ್ತ ಒಯ್ಯುವುದು ದಾರದೆಳೆಯಂಥ ಒಂದೇ ನಾಳ. ಅದು ಕಟ್ಟಿದರೆ ಬದಲಿ ದಾರಿಯಿಲ್ಲ. ಆ ನಾಳಕ್ಕೂ, ಮೈಯ ಸಮತೋಲ ಕಾಯುವ ಕಿರುಮೆದುಳಿಗೂ ಕತ್ತಿನ ಹಿಂಬದಿಯ ನಾಳಗಳೇ ಆಸರೆ. ಕಿವಿ ಮೊದಲೇ ಸೋತವರಿಗೆ ಕಿರಿದಾದ ನಾಳವೂ ಸೇರಿದರೆ ಹೆಜ್ಜೆ ನಿಲ್ಲುವುದು ಹೇಗೆ?

ತಲೆಸುತ್ತಿನ ಜತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ನಿಲ್ಲಲೇ ಆಗದಿದ್ದರೆ ಅದು ಪಾರ್ಶ್ವವಾಯು ಇರಬಹುದು. ಹೆಪ್ಪು ಕರಗಿಸುವ ಮದ್ದಿಗೆ ಸಿಗುವ ಹೊತ್ತು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಅಷ್ಟರೊಳಗೆ ಇಲ್ಲಿಂದ ಹೊರಟು ಕರ್ನೂಲು ಮುಟ್ಟಿ, ಸ್ಕ್ಯಾನೂ ಆಗಬೇಕು. ಅದನ್ನು ಪಿತ್ತವೆಂದು ಮನೆಯಲ್ಲಿ ಮಲಗಿಸಿದರೆ ಹೊತ್ತೆಲ್ಲ ಅಲ್ಲೇ ಹೋಯಿತು.

ಸ್ವಾಮಿ, ನನ್ನ ಬೇಡಿಕೆ ದೊಡ್ಡದಲ್ಲ. 30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ನಡೆಯುತ್ತದೆ, ಒಳ್ಳೆಯದೇ. ತಲೆಸುತ್ತೆಂದು ಬರುವ ಹಿರಿಯರಿಗೆ ಕೊಲೆಸ್ಟ್ರಾಲನ್ನೂ ನೋಡಿಸಿ. ಆದೋನಿ ಕಡೆಯ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಆ ಕಾಲು ಗಂಟೆಯ ಕೈಚಳಕ ಕಲಿಸಿ. ಶ್ರಾವಣದ ಆರಾಧನೆಗೆ ಕರ್ನಾಟಕದಿಂದ ಎಷ್ಟೋ ಮುದುಕರು ಬಂದು, ತುಂಗಭದ್ರೆಯಲ್ಲಿ ಮಿಂದು, ಒದ್ದೆ ಮೆಟ್ಟಿಲು ಹತ್ತುತ್ತಾರೆ. ಆ ದಿನಗಳಲ್ಲಿ ಚಿಕಿತ್ಸಾ ಶಿಬಿರದಲ್ಲಿ ‘ತಲಿ ತಿರಗ್ತದ’ ಅಂದರೆ ‘ಯಾವಾಗ, ಹೇಗೆ?’ ಎಂದು ಕನ್ನಡದಲ್ಲೇ ಮರುಪ್ರಶ್ನೆ ಕೇಳುವ ಒಬ್ಬ ನರ್ಸಮ್ಮನಾದರೂ ಇರಲಿ.

ಇಂತಿ,
ಮಂತ್ರಾಲಯದ ಒಬ್ಬ ಮಗಳು