ಹೊಸತೋ, ಹಳತರ ಹೊಸ ಜೋಡಣೆಯೋ?

ಹಿಂದಿನ ಮಕ್ಕಳ ಕೈಯಲ್ಲಿ ಕಲ್ಲಿನ ಸ್ಲೇಟು ಇದ್ದಂತೆ ಇಂದಿನ ಮಕ್ಕಳ ಕೈಯಲ್ಲಿ ಗಾಜಿನ ಹಲಗೆಯಿದೆ. ಟ್ಯಾಬ್ಲೆಟ್ ಎಂಬ ಈ ಹಲಗೆಯನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ದೇವಸ್ಥಾನದ ಪಾರುಪತ್ಯಗಾರನಿದ್ದಂತೆ. ಭಕ್ತರು ಬರುವುದು ಅವನ ದರ್ಶನಕ್ಕಲ್ಲ. ಆದರೆ ಅವನ ಏರ್ಪಾಡಿಲ್ಲದೆ ಬಾಗಿಲು ತೆರೆಯದು, ಪ್ರಸಾದವೂ ಕೈಸೇರದು. ಇಂಥ ವ್ಯವಸ್ಥೆಯೊಂದು ಹೊಸದಾಗಿ ಹೊರಬಂದಾಗಲೆಲ್ಲ ಬಲ್ಲವರ ನಡುವೆ ಒಂದು ವಾದ ಹುಟ್ಟುತ್ತದೆ: ಇದು ನಿಜವಾಗಿಯೂ ಹೊಸತೇ, ಅಥವಾ ಹಳೆಯ ಗೋಡೆಗೆ ಬಳಿದ ಹೊಸ ಸುಣ್ಣವೇ? 2025ರಲ್ಲಿ ಐಪ್ಯಾಡಿನ ಪರದೆಯ ಮೇಲೆ ಬೇಕಾದಂತೆ ಹಿಗ್ಗಿಸಿ ಕುಗ್ಗಿಸಬಲ್ಲ ಕಿಟಕಿಗಳು ಬಂದಾಗಲೂ ಈ ವಾದ ಕೇಳಿಬಂದಿತು. ಆದರೆ ಇದರ ಎಲ್ಲ ಮುಖಗಳನ್ನೂ ಒಮ್ಮೆಗೇ ತೋರಿಸಿಕೊಟ್ಟ ಪ್ರಸಂಗ ನಡೆದದ್ದು 2011ರ ಅಮೆರಿಕದಲ್ಲಿ. ಆ ವ್ಯವಸ್ಥೆಯ ಹೆಸರು ವೆಬ್‌ಓಎಸ್.

ಅದನ್ನು ಹೆತ್ತದ್ದು ಪಾಮ್ ಎಂಬ ಸಂಸ್ಥೆ. 1996ರಲ್ಲಿ ಜೇಬಿನಲ್ಲಿಡುವ ವಿದ್ಯುತ್ ದಿನಚರಿಯನ್ನು ತಂದು ಹೆಸರು ಗಳಿಸಿದ್ದ ಪಾಮ್, 2009ರ ವೇಳೆಗೆ ಬಡವಾಗಿತ್ತು. ಆ ವರ್ಷದ ಜನವರಿಯಲ್ಲಿ ಲಾಸ್ ವೇಗಸ್‌ನ ಪ್ರದರ್ಶನದಲ್ಲಿ ಅದು ವೆಬ್‌ಓಎಸ್ ಉಳ್ಳ ದೂರವಾಣಿಯನ್ನು ತೋರಿಸಿದಾಗ ನೆರೆದವರು ಬೆರಗಾದರು. ಹಿಂದೆ ಆಪಲ್‌ನಲ್ಲಿ ಐಪಾಡ್ ವಿಭಾಗವನ್ನು ನಡೆಸಿದ್ದ ಜಾನ್ ರೂಬಿನ್‌ಸ್ಟೈನ್ ಅದರ ಮುಂದಾಳು. ಪರದೆಯ ರೂಪವನ್ನು ಕಲ್ಪಿಸಿದವರಲ್ಲಿ ಪ್ರಮುಖ ಮಟಿಯಾಸ್ ಡುವಾರ್ಟೆ. ಮರುವರ್ಷ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆ ಪಾಮ್ ಅನ್ನು 120 ಕೋಟಿ ಡಾಲರಿಗೆ ಕೊಂಡಿತು. 2011ರ ಜುಲೈ 1ರಂದು ಅದರ ಟಚ್‌ಪ್ಯಾಡ್ ಎಂಬ ಟ್ಯಾಬ್ಲೆಟ್ ಅಂಗಡಿಗೆ ಬಂದಿತು. ಬೆಲೆ ಐಪ್ಯಾಡಿನಷ್ಟೇ, 500 ಡಾಲರಿಗೆ ಒಂದು ಸೆಂಟು ಕಡಿಮೆ.

ಇದರ ವಿಶೇಷವೇನೆಂಬುದನ್ನು ತುಸು ವಿವರವಾಗಿ ನೋಡಬೇಕು. ಆಗಿನ ಐಪ್ಯಾಡಿನಲ್ಲಿ ಒಂದು ಕೆಲಸದಿಂದ ಮತ್ತೊಂದಕ್ಕೆ ಹಾರಬೇಕಾದರೆ, ಗುಂಡಿಯನ್ನು ಎರಡು ಬಾರಿ ಒತ್ತಿ, ಕೆಳಗೆ ಮೂಡುವ ಪುಟ್ಟ ಚಿಹ್ನೆಗಳ ಸಾಲಿನಲ್ಲಿ ಹುಡುಕಬೇಕಿತ್ತು. ಚಿಹ್ನೆ ಕಾಣುತ್ತಿತ್ತು, ಕೆಲಸ ಕಾಣುತ್ತಿರಲಿಲ್ಲ. ವೆಬ್‌ಓಎಸ್‌ನಲ್ಲಾದರೋ ತೆರೆದ ಪುಟವೇ ಕುಗ್ಗಿ ಇಸ್ಪೀಟಿನ ಎಲೆಯಂತಾಗುತ್ತಿತ್ತು. ಅರ್ಧ ಬರೆದ ಪತ್ರ, ಓದುತ್ತಿದ್ದ ಸುದ್ದಿ, ನೋಡುತ್ತಿದ್ದ ಚಿತ್ರ, ಎಲ್ಲವೂ ಸಾಲಾಗಿ ಕಣ್ಣೆದುರು. ಬೆರಳಿನಿಂದ ಸರಿಸಿದರೆ ಮುಂದಿನ ಎಲೆ. ಬೇಡವಾದುದನ್ನು ಮೇಲಕ್ಕೆ ಚಿಮ್ಮಿದರೆ ಅದು ಮುಗಿಯಿತು. ಒಂದಕ್ಕೊಂದು ಸಂಬಂಧಿಸಿದ ಎಲೆಗಳು ತಾವಾಗಿ ಒಂದು ಕಟ್ಟಾಗುತ್ತಿದ್ದವು. (ಇಸ್ಪೀಟಿನ ಹೆಸರೆತ್ತಿದ್ದಕ್ಕೆ ಮನೆಯ ಹಿರಿಯರು ಕ್ಷಮಿಸಬೇಕು, ಇದಕ್ಕಿಂತ ಸುಲಭವಾದ ಹೋಲಿಕೆ ಸಿಗದು.) ಹೊಸ ಅಂಚೆ ಬಂದರೂ ಅಷ್ಟೆ. ಐಪ್ಯಾಡಿನಲ್ಲಿ ಆಗ ಸಂದೇಶವೊಂದು ಪರದೆಯ ನಡುವೆ ಬಂದು ನಿಂತು, ಉತ್ತರ ಕೊಡುವವರೆಗೂ ದಾರಿ ಬಿಡುತ್ತಿರಲಿಲ್ಲ. ಇಲ್ಲಿ ಅದು ಅಂಚಿನಲ್ಲಿ ಮೆಲ್ಲನೆ ತಲೆದೋರಿ ಕಾಯುತ್ತಿತ್ತು.

ಪ್ರತಿವಾದಿಗಳು ಸುಮ್ಮನಿರಲಿಲ್ಲ. ಹಲವು ಕೆಲಸಗಳನ್ನು ಒಟ್ಟಿಗೆ ತೆರೆದಿಡುವ ಕಿಟಕಿಗಳನ್ನು ಜೆರಾಕ್ಸ್ ಸಂಸ್ಥೆಯ ಪ್ರಯೋಗಶಾಲೆ 1970ರ ದಶಕದಲ್ಲೇ ಮಾಡಿತ್ತು. ಎಲೆಗಳ ಕಲ್ಪನೆಯೇ? 1987ರಲ್ಲಿ ಆಪಲ್ ಹೊರತಂದ ಹೈಪರ್‌ಕಾರ್ಡ್ ಇತ್ತಲ್ಲ! ತಳಹದಿಯೋ, 1991ರಿಂದ ಬೆಳೆದುಬಂದ ಲಿನಕ್ಸ್. ಅದರ ಮೇಲೆ ಓಡುವ ಆಪ್‌ಗಳನ್ನು ಬರೆಯುವುದೋ, ಅಂತರಜಾಲದ ಪುಟಗಳನ್ನು ಬರೆಯುವ ಭಾಷೆಯಲ್ಲೇ. ಅಕ್ಕಿ ಒಬ್ಬರದು, ಬೆಲ್ಲ ಇನ್ನೊಬ್ಬರದು, ಪಾತ್ರೆ ಮತ್ತೊಬ್ಬರದು. ಇವರ ಪಾಲಿನದೇನು ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಚುರುಕಾದದ್ದೇ. ಆದರೆ ಈ ಅಳತೆಯಿಂದ ಅಳೆದರೆ ಜಗತ್ತಿನಲ್ಲಿ ಪಾಯಸವೂ ಹೊಸ ಅಡಿಗೆಯಾಗಲಾರದು. ಹಳೆಯ ಕಿಟಕಿ ಮೇಜಿನ ಮೇಲಿನ ಯಂತ್ರಕ್ಕೆ, ಮೌಸಿನ ಸೂಕ್ಷ್ಮ ಬಾಣಕ್ಕೆ ಹುಟ್ಟಿದ್ದು. ಅದರ ದಾರದಂಥ ಅಂಚನ್ನು ಹಿಡಿದೆಳೆಯಲು, ಮೂಲೆಯ ಚುಕ್ಕೆಯನ್ನು ಒತ್ತಲು ಮನುಷ್ಯನ ಹೆಬ್ಬೆರಳಿಗೆ ಆಗದು. ಹತ್ತಂಗುಲದ ಗಾಜಿನ ಮೇಲೆ ಬರಿಯ ಬೆರಳಿನಿಂದ ಹತ್ತು ಕೆಲಸಗಳನ್ನು ಒಂದೂ ಕಳೆದುಹೋಗದಂತೆ ಹಿಡಿದಿಡುವುದು ಹೇಗೆ? ಈ ಸಮಸ್ಯೆ ಹೊಸತಾಗಿತ್ತು. ವೆಬ್‌ಓಎಸ್ ಕೊಟ್ಟ ಉತ್ತರವೂ ಹೊಸತಾಗಿತ್ತು. ಸಾಮಗ್ರಿ ಹಳೆಯದೆಂಬ ಕಾರಣಕ್ಕೆ ಉತ್ತರವನ್ನು ಹಳೆಯದೆನ್ನುವುದು ನ್ಯಾಯವಲ್ಲ.

ಇದಕ್ಕೆ ಸಾಕ್ಷಿ ಎದುರಾಳಿಯ ಪಾಳೆಯದಲ್ಲೇ ದೊರೆಯಿತು. ಬ್ಲ್ಯಾಕ್‌ಬೆರಿ ದೂರವಾಣಿಗಳ ಕೆನಡಾದ ಸಂಸ್ಥೆ 2011ರ ಏಪ್ರಿಲ್‌ನಲ್ಲಿ ಪ್ಲೇಬುಕ್ ಎಂಬ ಟ್ಯಾಬ್ಲೆಟ್ಟನ್ನು ಮಾರಾಟಕ್ಕಿಟ್ಟಿತು. ಅದರ ಒಳಗಿದ್ದುದು ಕ್ಯೂಎನ್‌ಎಕ್ಸ್ ಎಂಬ ಗಟ್ಟಿಮುಟ್ಟಾದ ಬೇರೆಯೇ ವ್ಯವಸ್ಥೆ. ಆದರೆ ಪರದೆಯ ಮೇಲೆ ಅದೇ ಎಲೆಗಳ ಸಾಲು, ಅದೇ ಮೇಲಕ್ಕೆ ಚಿಮ್ಮುವ ಬೆರಳು! ಹೋಲಿಕೆ ಅತಿಯಾಯಿತೆಂದು ಹ್ಯೂಲೆಟ್-ಪ್ಯಾಕರ್ಡ್ ಕಡೆಯವರು ಮೂಗುಮುರಿದರು. ಒಂದೇ ಸಮಸ್ಯೆಗೆ ಇಬ್ಬರು ಬೇರೆಬೇರೆಯಾಗಿ ಒಂದೇ ಉತ್ತರವನ್ನು ಮುಟ್ಟುವುದು ಸಹಜವೆಂದು ಇವರು ಸಮಾಧಾನ ಹೇಳಿದರು. ಹಬ್ಬದ ದಿನ ಎರಡು ಮನೆಗಳಲ್ಲಿ ಕರಿಗಡುಬು ಮಾಡಿದರೆ ಅದು ಕಳವಲ್ಲ, ನಿಜ. ಆದರೆ ಅಂಚಿನ ನಿರಿಗೆಗಳೂ ಎಣಿಸಿಟ್ಟಂತೆ ಒಂದೇ ಆಗಿದ್ದರೆ ನೆರೆಹೊರೆಯವರು ಹುಬ್ಬೇರಿಸದಿರುವರೆ? ಅಷ್ಟಾಗಿಯೂ, ಅಂಚೆಗೇ ಪ್ರಸಿದ್ಧವಾದ ಬ್ಲ್ಯಾಕ್‌ಬೆರಿಯ ಆ ಹಲಗೆಯಲ್ಲಿ 2012ರ ಫೆಬ್ರವರಿಯವರೆಗೆ ಸ್ವಂತ ಇ-ಅಂಚೆಯೇ ಇರಲಿಲ್ಲವೆಂಬುದು ಬೇರೆ ಕಥೆ.

ಟಚ್‌ಪ್ಯಾಡಿನ ದೋಷಗಳನ್ನೂ ಮುಚ್ಚಿಡುವಂತಿಲ್ಲ. ಅದರ ತೂಕ ಸುಮಾರು 740 ಗ್ರಾಂ, ಐಪ್ಯಾಡ್ 2 ಸುಮಾರು 600. ವೇಗವೂ ಸಾಲದಾಗಿತ್ತು. ಐಪ್ಯಾಡಿಗೆ ಸಾವಿರಗಟ್ಟಲೆ ಆಪ್‌ಗಳಿದ್ದರೆ ಇದಕ್ಕಾಗಿಯೇ ಸಿದ್ಧವಾದವು ಕೆಲವು ನೂರು ಮಾತ್ರ. ಅಂಗಡಿಗಳಲ್ಲಿ ಪೆಟ್ಟಿಗೆಗಳು ಕರಗಲಿಲ್ಲ. ಆಗಸ್ಟ್ 18ರಂದು, ಅಂದರೆ ಮಾರಾಟ ತೊಡಗಿದ 49ನೆಯ ದಿನ, ಹ್ಯೂಲೆಟ್-ಪ್ಯಾಕರ್ಡ್ ಇಡೀ ಕೆಲಸಕ್ಕೆ ಮಂಗಳ ಹಾಡಿತು. ಒಡನೆಯೇ ಬೆಲೆ 99 ಡಾಲರಿಗೆ ಇಳಿಯಿತು. ಮೊದಲ ವಾರಗಳಲ್ಲಿ ಯಾರೂ ತಿರುಗಿ ನೋಡದ ಹಲಗೆಗೆ ಆಗ ನೂಕುನುಗ್ಗಲು! ನಷ್ಟ ಉಳಿದದ್ದು ಪೂರ್ತಿ ಬೆಲೆ ತೆತ್ತು ಮೊದಲು ಕೊಂಡವರಿಗೆ, ಮತ್ತು ಸಂಸ್ಥೆಯ ಮಾತನ್ನು ನಂಬಿ ತಿಂಗಳುಗಟ್ಟಲೆ ಕುಳಿತು ಆಪ್‌ಗಳನ್ನು ಬರೆದವರಿಗೆ. ಮುಖ್ಯಾಧಿಕಾರಿ ಲಿಯೋ ಅಪೊಥೇಕರ್ ಸೆಪ್ಟೆಂಬರ್‌ನಲ್ಲಿ ಪದವಿ ಕಳೆದುಕೊಂಡರು. 120 ಕೋಟಿ ಡಾಲರ್ ಸುರಿದು, ಮೊಳಕೆಯನ್ನು ಏಳನೆಯ ವಾರಕ್ಕೆ ಕಿತ್ತು ಬೇರು ನೋಡಿದ ಬೇಸಾಯವಿದು. ಬೀಜ ಜೊಳ್ಳೆಂದು ಅಂದಿನ ಟೀಕಾಕಾರರು ತೀರ್ಪು ಕೊಟ್ಟದ್ದು ಅವಸರವಾಯಿತು.

ಏಕೆಂದರೆ ಬೆಳೆ ಬಂದದ್ದು ಬೇರೆಯವರ ಹೊಲದಲ್ಲಿ. ಡುವಾರ್ಟೆ 2010ರಲ್ಲೇ ಗೂಗಲ್ ಸೇರಿದ್ದರು. 2014ರ ಆಂಡ್ರಾಯ್ಡ್ 5ರಲ್ಲಿ ತೆರೆದ ಕೆಲಸಗಳು ಒಂದರ ಹಿಂದೊಂದು ಎಲೆಗಳಾಗಿ ನಿಂತವು. ಅದಕ್ಕೂ ಮೊದಲೇ, 2013ರಲ್ಲಿ, ಆಪಲ್ ತನ್ನ ಚಿಹ್ನೆಗಳ ಸಾಲನ್ನು ಕೈಬಿಟ್ಟು ಪುಟಗಳನ್ನೇ ಸಾಲಾಗಿಟ್ಟಿತು. ಮುಚ್ಚಲು ಮೇಲಕ್ಕೆ ಚಿಮ್ಮಬೇಕು. ಇಂದು ಟ್ಯಾಬ್ಲೆಟ್ಟಿನಲ್ಲಿ ಆಟ ಮುಗಿಸಿದ ಮಗು ಪುಟವನ್ನು ಮೇಲಕ್ಕೆ ತಳ್ಳುವಾಗ, ಆ ಚಲನೆಗೂ ಪಾಮ್‌ಗೂ ಇರುವ ನಂಟು ಮನೆಯಲ್ಲಿ ಯಾರಿಗೂ ತಿಳಿದಿರಲಾರದು. ವೆಬ್‌ಓಎಸ್ ಅನ್ನು 2013ರಲ್ಲಿ ಕೊರಿಯದ ಎಲ್‌ಜಿ ಸಂಸ್ಥೆ ಕೊಂಡು ಮರುವರ್ಷ ತನ್ನ ಟಿವಿಗಳಲ್ಲಿ ಅಳವಡಿಸಿತು. ಬೆರಳಿಗಾಗಿ ಹುಟ್ಟಿದ ಆ ವ್ಯವಸ್ಥೆ ಈಗ ನಡುಮನೆಯ ಗೋಡೆಯ ಮೇಲಿದ್ದುಕೊಂಡು ರಿಮೋಟಿನ ಮಾತು ಕೇಳುತ್ತಿದೆ.